‘ಬೇಡ’ ಅನ್ನೋ ಹಕ್ಕೂ ಅಜ್ಜಿಯದೇ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಜೊತೆ ಇರೋಕೆ ಬಂದ ನಮ್ಮ ಹಿರಿಯರನ್ನ ಮನೆಯವರೇ ಹೊಡೆದರೆ, ದುಡ್ಡು ಕಿತ್ತುಕೊಂಡರೆ ಕೇಳೋರ್ಯಾರು? ಅದಕ್ಕೇ ಪ್ರತಿ ಕೌಂಟಿಯಲ್ಲೂ ಅಡಲ್ಟ್ ಪ್ರೊಟೆಕ್ಟಿವ್ ಸರ್ವಿಸಸ್ ಇದೆ. 2022ರಿಂದ 60 ತುಂಬಿದವರೆಲ್ಲ ಇದರ ವ್ಯಾಪ್ತಿಗೆ ಬರ್ತಾರೆ.

ಫೋನ್ ಎತ್ತುವವರು ದೂರು ಬರೆದುಕೊಂಡು, ಎಷ್ಟು ತುರ್ತು ಅಂತ ಅಳೀತಾರೆ. ಜೀವಕ್ಕೇ ಅಪಾಯವಿದ್ದರೆ ಕೂಡಲೇ, ಇಲ್ಲದಿದ್ದರೆ ಸಾಮಾನ್ಯವಾಗಿ 10 ದಿನದೊಳಗೆ ಸೋಶಿಯಲ್ ವರ್ಕರ್ ಮನೆಗೇ ಬಂದು ಮಾತಾಡಿಸ್ತಾರೆ. ಅಪರಾಧ ಕಂಡರೆ ಪೊಲೀಸರಿಗೂ ತಿಳಿಸಬೇಕು. ಆದರೆ ಬುದ್ಧಿ ಸ್ವಾಧೀನದಲ್ಲಿರುವ ಅಜ್ಜಿ “ಬೇಡಮ್ಮಾ, ನನ್ನ ಮಗನೇ ತಾನೇ, ಬಿಡಿ” ಅಂದರೆ ಸಹಾಯವನ್ನು ಹೇರುವಂತಿಲ್ಲ.

ಇದೆಂಥ ರಕ್ಷಣೆ ಅಂತೀರಾ? ನನಗೇನೋ ಇದೇ ಹಿಡಿಸಿತು. ವಯಸ್ಸಾಯ್ತು ಅಂತ ಅಜ್ಜಿಯ ಮಾತಿಗೆ ಬೆಲೆ ಕಮ್ಮಿಯಾಗಲ್ಲವಲ್ಲ!

ಅಂದಹಾಗೆ, ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡುತ್ತಾರೆ. ಪಕ್ಕದ ಮನೆಯ ಅಜ್ಜಿಯ ಬಗ್ಗೆ ಅನುಮಾನ ಬಂದರೆ ‘ನಮಗ್ಯಾಕೆ ಉಸಾಬರಿ’ ಅನ್ನಬೇಡಿ.