ತಳ್ಳುಗಾಡಿಗೆ ಮೊದಲು ಪ್ರಮಾಣಪತ್ರ

ಹಾಟ್‌ಡಾಗ್ ಗಾಡಿಯಾಗಲಿ, ಇಡ್ಲಿ-ವಡೆಯ ಗಾಡಿಯಾಗಲಿ, ಅದನ್ನು ಒಬ್ಬರೇ ನಡೆಸುವುದು ಅಪರೂಪ. ಮುಂಜಾನೆ ಮನೆಯಲ್ಲಿ ಸಿದ್ಧತೆ, ಸಂಜೆ ಬೀದಿಯಲ್ಲಿ ಮಾರಾಟ. ಎರಡಕ್ಕೂ ಇಡೀ ಕುಟುಂಬದ ದುಡಿಮೆ ಬೇಕು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಈ ವಾಸ್ತವವನ್ನು ಮನ್ನಿಸಿದೆ. ಕೇಂದ್ರದ ಕಾಯಿದೆಯಾದುದರಿಂದ ಕಾಸರಗೋಡು, ಹೊಸೂರು, ಸೊಲ್ಲಾಪುರಗಳಿಗೂ ಇದು ಅನ್ವಯಿಸುತ್ತದೆ.

ಪ್ರಮಾಣಪತ್ರ ಪಡೆದವರು ಸ್ವತಃ ಅಥವಾ ಕುಟುಂಬದ ಸದಸ್ಯರ ಮೂಲಕ ವ್ಯಾಪಾರ ನಡೆಸಬಹುದು. ಅವರು ಮರಣಹೊಂದಿದರೆ ಅಥವಾ ಶಾಶ್ವತವಾಗಿ ಅಶಕ್ತರಾದರೆ, ಅವಧಿ ಮುಗಿಯುವವರೆಗೆ ಪತಿ ಅಥವಾ ಪತ್ನಿ, ಇಲ್ಲವೆ ಅವಲಂಬಿತ ಮಕ್ಕಳು ಮುಂದುವರಿಸಬಹುದು. ಆದರೆ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ. 14 ವರ್ಷ ತುಂಬದವರಿಗೆ ಅದು ದೊರೆಯುವುದೂ ಇಲ್ಲ. ಆ ವಯಸ್ಸಿನವರ ಸ್ಥಾನ ಶಾಲೆಯೇ.

ಸ್ಥಳಾಂತರಕ್ಕೆ 30 ದಿನಗಳ ನೋಟಿಸು ಕಡ್ಡಾಯ. ಜಪ್ತಿಯಾದ ಸರಕಿಗೆ ಪಟ್ಟಿ ಕೊಡಬೇಕು. ಶುಲ್ಕ ತೆತ್ತು ಕೇಳಿದಲ್ಲಿ ಕೆಡುವ ಪದಾರ್ಥಗಳನ್ನು ಅದೇ ದಿನ, ಉಳಿದವನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು.

ಆದುದರಿಂದ ಸಾಲಮಾಡಿ ಗಾಡಿ ಕೊಳ್ಳುವ ಮುನ್ನವೇ ಸ್ಥಳೀಯ ನಗರಾಡಳಿತದ ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವುದು, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳುವುದು ಲೇಸು. ಬಂಡವಾಳ ಹೋದರೆ ಮತ್ತೆ ಗಳಿಸಬಹುದು. ದಾಖಲೆಯಿಲ್ಲದೆ ಕಳೆದುಕೊಂಡ ಜಾಗವನ್ನು ಮರಳಿ ಪಡೆಯುವುದು ಕಷ್ಟ.