ಸಮವಸ್ತ್ರ ಕಳಚಿದ ಮೇಲೆ

ಸೈನ್ಯಕ್ಕೆ ಸೇರಿದ ತರುಣನನ್ನು ಬೀಳ್ಕೊಡಲು ಊರೇ ನೆರೆಯುತ್ತದೆ. ಆತ ಸೇವೆ ಮುಗಿಸಿ ಪೆಟ್ಟಿಗೆಯೊಡನೆ ಮರಳುವ ದಿನ ನಿಲ್ದಾಣದಲ್ಲಿ ಮನೆಯವರಷ್ಟೇ ಇರುತ್ತಾರೆ. ಆದರೆ ಅವನಿಗೆ ಸಮಾಜದ ನೆರವು ನಿಜವಾಗಿ ಬೇಕಾಗುವುದು ಆ ದಿನದಿಂದಲೇ.

ಇತರ ನೌಕರರು ಸಾಮಾನ್ಯವಾಗಿ ಅರವತ್ತರ ಸುಮಾರಿಗೆ ನಿವೃತ್ತರಾಗುತ್ತಾರೆ. ಅಷ್ಟರಲ್ಲಿ ಮಕ್ಕಳ ವಿದ್ಯಾಭ್ಯಾಸ ಬಹುಮಟ್ಟಿಗೆ ಮುಗಿದಿರುತ್ತದೆ. ಸಾಮಾನ್ಯ ಸೈನಿಕನಾದರೋ ಹದಿನೈದು ವರ್ಷಗಳ ಸೇವೆಯಿಂದ ಪಿಂಚಣಿಗೆ ಅರ್ಹನಾಗಿ, ಮೂವತ್ತೈದು, ನಲವತ್ತರ ಪ್ರಾಯದಲ್ಲಿಯೇ ಮನೆಗೆ ಬರುವುದುಂಟು. ಆಗ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿಗಳಿಗೆ ವಯಸ್ಸಾಗಿರುತ್ತದೆ. ಇದು ವಿಶ್ರಾಂತಿಯ ಕಾಲವಲ್ಲ, ಎರಡನೆಯ ಜೀವನದ ಆರಂಭ.

ಮೊದಲು ಮನಸ್ಸಿನ ವಿಚಾರ. ಗಡಿಯಲ್ಲಿ ಪ್ರಾಣವನ್ನು ಉಳಿಸಿದ ಎಚ್ಚರವೇ ಮನೆಯಲ್ಲಿ ನಿದ್ರೆಯನ್ನು ಕೆಡಿಸಬಹುದು. ಪಟಾಕಿಯ ಸದ್ದಿಗೆ ಬೆಚ್ಚಿಬೀಳುವುದು, ಹಳೆಯ ಘಟನೆ ಕನಸಿನಲ್ಲಿ ಮರುಕಳಿಸುವುದು, ಸಣ್ಣ ಮಾತಿಗೆ ಸಿಡುಕುವುದು, ಯಾರೊಡನೆಯೂ ಬೆರೆಯದಿರುವುದು ಇದರ ಲಕ್ಷಣಗಳು. ಭೀಕರ ಅನುಭವದ ಅನಂತರ ಇವು ತಿಂಗಳಿಗೂ ಮೀರಿ ಉಳಿದು ನಿತ್ಯದ ಬಾಳಿಗೆ ಅಡ್ಡಿಯಾದರೆ ಅದು ಚಿಕಿತ್ಸೆಗೆ ಅರ್ಹವಾದ ಕಾಯಿಲೆಯಾಗಿರಬಹುದು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಪಟ್ಟಿಗೆ ಸೇರಿಸಿತು. ಮರಳಿದ ಸೈನಿಕರೆಲ್ಲರಿಗೂ ಇದು ಬರುವುದಿಲ್ಲ. ಬಂದವನು ಹೇಡಿಯೂ ಅಲ್ಲ. ಆಪ್ತಸಮಾಲೋಚನೆ ಮತ್ತು ಔಷಧಗಳಿಂದ ಗುಣ ಕಾಣಬಹುದು. ನಿದ್ರೆಗೆಂದು ಮದ್ಯವನ್ನು ಆಶ್ರಯಿಸುವುದು ಮಾತ್ರ ಅಪಾಯಕರ. ಅದು ಮೊದಲು ಮಂಪರು ತಂದರೂ ನಡುರಾತ್ರಿಯ ನಿದ್ರೆಯನ್ನು ಕದಡುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಕನ್ನಡದಲ್ಲಿಯೂ ಮಾತನಾಡಬಹುದೆಂಬುದು ಹೊರನಾಡಿನಲ್ಲಿರುವವರಿಗೆ ದೊಡ್ಡ ಅನುಕೂಲ.

ಎರಡನೆಯದು ಸಂಸಾರದ ವಿಚಾರ. ವರ್ಷಗಟ್ಟಲೆ ಪಡಿತರ, ಶಾಲೆಯ ಶುಲ್ಕ, ಅತ್ತೆಮಾವಂದಿರ ಔಷಧೋಪಚಾರಗಳೆಲ್ಲವನ್ನೂ ಹೆಂಡತಿಯೊಬ್ಬಳೇ ನಿರ್ವಹಿಸಿರುತ್ತಾಳೆ. ಮಕ್ಕಳಿಗೆ ತಂದೆ ರಜೆಯಲ್ಲಿ ಬಂದುಹೋಗುವ ಅತಿಥಿ. ಅಂಥ ಮನೆಯಲ್ಲಿ ಮೊದಲ ದಿನದಿಂದಲೇ ಪರೇಡ್ ಮೈದಾನದ ಆಜ್ಞೆಗಳು ಆರಂಭವಾದರೆ ವಿರಸ ತಪ್ಪಿದ್ದಲ್ಲ. ಮನೆಯ ರೂಢಿಯನ್ನು ಅರಿತು ಒಂದೊಂದೇ ಹೊಣೆಯನ್ನು ಕೇಳಿ ಪಡೆಯುವುದು ಗಂಡನಿಗೆ ಶ್ರೇಯಸ್ಕರ. ಅವನಿಗೆ ಅವಕಾಶ ಮಾಡಿಕೊಡುವುದು ಮನೆಯವರ ಕರ್ತವ್ಯ. ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಚಿಕ್ಕ ಕೆಲಸವೂ ಅವರ ಬಾಂಧವ್ಯವನ್ನು ಬೆಳೆಸಬಲ್ಲದು.

ಅಂಗವಿಕಲರಾದವರ ಪಾಲಿಗೆ ಪುಣೆ ಪುಣ್ಯಕ್ಷೇತ್ರವೇ ಸರಿ. ಅಲ್ಲಿನ ಕೃತಕ ಅಂಗ ಕೇಂದ್ರವು 1944ರಲ್ಲಿಯೂ, ಖಡಕಿಯಲ್ಲಿ ಬೆನ್ನುಹುರಿಯ ಪೆಟ್ಟಿಗೆ ಒಳಗಾದ ಸೈನಿಕರ ಪುನರ್ವಸತಿ ಕೇಂದ್ರವು 1974ರಲ್ಲಿಯೂ ಸ್ಥಾಪನೆಗೊಂಡವು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ ಪೇಟ್ಕರರು 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ ಈಜು ಸ್ಪರ್ಧೆಯಲ್ಲಿ ಭಾರತಕ್ಕೆ ಪ್ರಥಮ ಸ್ವರ್ಣಪದಕವನ್ನು ತಂದರು. ನಿವೃತ್ತರಿಗೂ ಅವಲಂಬಿತರಿಗೂ 2003ರಿಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯಿದೆ. ಸದಸ್ಯತ್ವದ ಕಾರ್ಡುಗಳನ್ನು ಕಾಯಿಲೆ ಬಂದ ಮೇಲಲ್ಲ, ಮೊದಲೇ ಮಾಡಿಸಿಡತಕ್ಕದ್ದು.

ಇನ್ನು ಹಣಕಾಸು. ಪಿಂಚಣಿಯ ಅರ್ಧದವರೆಗೆ ಪರಿವರ್ತಿಸಿ ಇಡಿಗಂಟಾಗಿ ಪಡೆಯಲು ಅವಕಾಶವುಂಟು. ಆದರೆ ಆ ಭಾಗವು ಹದಿನೈದು ವರ್ಷಗಳ ತನಕ ಮಾಸಿಕ ಪಿಂಚಣಿಯಿಂದ ಕಡಿತವಾಗುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ಮರೆಯದೆ, ಬಂಧುಗಳಿಗೆ ಕೈಗಡ ಕೊಡುವ ಮೊದಲು ಮಕ್ಕಳ ಓದಿಗೂ ವಸತಿಗೂ ಬೇಕಾದುದನ್ನು ತೆಗೆದಿರಿಸಬೇಕು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ವರ್ಗದಲ್ಲಿ ಮಾಜಿ ಸೈನಿಕರಿಗೆ ಶೇಕಡಾ 14.5ರಷ್ಟು ಮೀಸಲಾತಿಯಿರುವುದನ್ನೂ ಗಮನಿಸಬೇಕು.

ಎಲ್ಲಕ್ಕೂ ಮಿಗಿಲಾಗಿ ಹೆಸರಿನ ತಾಳೆ ನೋಡಬೇಕು. ಸೇನೆಯ ದಾಖಲೆಯಲ್ಲಿ ಹೆಂಡತಿಯ ತವರಿನ ಹೆಸರು, ಆಧಾರ್ ಚೀಟಿಯಲ್ಲಿ ಗಂಡನ ಮನೆಯ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ, ಹೀಗಿದ್ದರೆ ಆಕೆಯೇ ಈಕೆ ಎಂದು ಸಾಧಿಸುವ ಹೊರೆ ಮುಂದೊಂದು ದಿನ ವಿಧವೆಯ ತಲೆಯ ಮೇಲೆ ಬೀಳುತ್ತದೆ. ಕುಟುಂಬ ಪಿಂಚಣಿ ತಡವಾಗಲು ಇಷ್ಟೇ ಸಾಕು. ಸೈನಿಕನು ಬದುಕಿರುವಾಗ ಒಂದು ಅರ್ಜಿಯಿಂದ ಸರಿಹೋಗುವುದು ಅವನ ಅನಂತರ ಹತ್ತು ಬಾರಿ ಅಲೆದರೂ ಸರಿಹೋಗದಿರಬಹುದು. ಪಿಂಚಣಿ ಖಾತೆಯನ್ನು ಪತ್ನಿಯೊಡನೆ ಜಂಟಿಯಾಗಿಸಿ, ಪಿಂಚಣಿ ಆದೇಶಪತ್ರ ಎಲ್ಲಿದೆಯೆಂದು ಆಕೆಗೆ ತಿಳಿಸಿರಬೇಕು. ಜೀವಿತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ತಪ್ಪದೆ ಸಲ್ಲಿಸಬೇಕು.

ಕನ್ನಡ ಸಂಘಗಳು ಇಲ್ಲಿ ಬಹಳಷ್ಟು ಮಾಡಬಹುದು. ಡಿಸೆಂಬರ್ 7ರ ಧ್ವಜ ದಿನಾಚರಣೆಯಂದು ಶಾಲು ಹೊದಿಸುವುದು ಯೋಗ್ಯವೇ. ಆದರೆ ಪರಭಾಷೆಯ ನಗರದಲ್ಲಿ ನೆಲೆಸಿದ ಸೈನಿಕನ ವಿಧವೆಯೊಡನೆ ಜಿಲ್ಲಾ ಸೈನಿಕ ಕಛೇರಿಯವರೆಗೆ ಹೋಗಿ, ಅರ್ಜಿಯನ್ನು ಓದಿ ಹೇಳಿ, ತುಂಬಿಸಿಕೊಡುವ ಒಬ್ಬ ಸದಸ್ಯನ ಅರ್ಧ ದಿನದ ಶ್ರಮವು ಆ ಶಾಲಿಗಿಂತ ಬೆಚ್ಚಗಿರುತ್ತದೆ.