ಕತ್ತರಿಯಿಂದ ಅರಳಿದ ಹೂಗಳು

ನಮ್ಮಲ್ಲಿ ‘ಕಾಗದದ ಹೂ’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಭಾವವಿಲ್ಲದ ಪದ್ಯವನ್ನೂ ಪ್ರೀತಿಯಿಲ್ಲದ ಉಪಚಾರವನ್ನೂ ಅದಕ್ಕೆ ಹೋಲಿಸಿ ಹಗುರ ಮಾಡುವುದು ವಾಡಿಕೆ. ಬೇಲಿಯ ಮೇಲೆ ಹಬ್ಬಿ ಬೇಸಗೆಯ ಬಿಸಿಲಿಗೂ ಜಗ್ಗದ ಬೋಗನ್‌ವಿಲ್ಲಾ ಬಳ್ಳಿಗೂ, ಪಾಪ, ಆ ಹೆಸರೇ ಅಂಟಿಕೊಂಡಿದೆ. ಪರಿಮಳವಿಲ್ಲ, ಜೇನಿಲ್ಲ, ಬಾಡುವ ಸಂಕಟವೂ ಇಲ್ಲ ಎಂದು ಕಾಗದದ ಹೂವಿನ ಮೇಲಿನ ಆಪಾದನೆಗಳು ಹಲವು. ಆದರೂ ಮದುವೆಯ ಬಾಸಿಂಗದಲ್ಲಿ, ಗಣೇಶನ ಮಂಟಪದಲ್ಲಿ, ಶಾಲೆಯ ಮಕ್ಕಳ ಆಲ್ಬಮ್ಮಿನ ಪುಟಗಳಲ್ಲಿ ಅದರ ಸ್ಥಾನ ತಪ್ಪಿಲ್ಲ. ಈ ಆಲ್ಬಮ್ಮಿನ ಹೂವಿನ ಪರವಾಗಿ ನಾಲ್ಕು ಮಾತು ಆಡಬೇಕೆಂಬುದು ನನ್ನ ಬಹು ದಿನದ ಆಸೆ. ಅದಕ್ಕಾಗಿ ನಾನು ಸಾಕ್ಷಿಗೆ ಕರೆಯುವುದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಬ್ಬ ವೃದ್ಧೆಯನ್ನು.

ಮೇರಿ ಡಿಲೇನಿ ಎಂಬ ಈಕೆ ಹುಟ್ಟಿದ್ದು 1700ರಲ್ಲಿ. ಹದಿನೇಳನೆಯ ವಯಸ್ಸಿನಲ್ಲಿ, ಅರುವತ್ತರ ಹತ್ತಿರ ಹತ್ತಿರದ ಒಬ್ಬ ಸಿರಿವಂತನಿಗೆ ಮನೆಯವರು ಆಕೆಯನ್ನು ಕೊಟ್ಟು ಮದುವೆ ಮಾಡಿದರು. ಕೆಲವೇ ವರ್ಷಗಳಲ್ಲಿ ಆಕೆ ವಿಧವೆಯಾದಳು. 1743ರಲ್ಲಿ ಪ್ಯಾಟ್ರಿಕ್ ಡಿಲೇನಿ ಎಂಬ ಪಾದ್ರಿಯನ್ನು ತಾನೇ ಮೆಚ್ಚಿ ಕೈಹಿಡಿದಳು. ಸುಖವಾದ ದಾಂಪತ್ಯ, ಆದರೆ 1768ರಲ್ಲಿ ಆತನೂ ತೀರಿಕೊಂಡ. ಮಕ್ಕಳಿರಲಿಲ್ಲ. ಆಗ ಆಸರೆಯಾದದ್ದು ಗೆಳತಿಯಾದ ಪೋರ್ಟ್‌ಲೆಂಡಿನ ಡಚೆಸ್ ಮಾರ್ಗರೆಟ್ಟಳ ಬುಲ್‌ಸ್ಟ್ರೋಡ್ ಮಹಲು. ಆ ಮಹಲಿನ ತೋಟಕ್ಕೆ ಸಸ್ಯಶಾಸ್ತ್ರಜ್ಞರು ಬಂದುಹೋಗುತ್ತಿದ್ದರು. ಲಿನೇಯಸ್ಸನ ಹೊಸ ಸಸ್ಯವಿಂಗಡಣೆ ಅಲ್ಲಿ ಮನೆಮಾತಾಗಿತ್ತು.

1772ರಲ್ಲಿ ಆಕೆಗೆ ಎಪ್ಪತ್ತೆರಡು. ಒಂದು ದಿನ ಮೇಜಿನ ಮೇಲಿದ್ದ ಕೆಂಪು ಕಾಗದದ ಬಣ್ಣವೂ ಪಕ್ಕದ ಜಿರೇನಿಯಮ್ ಹೂವಿನ ಬಣ್ಣವೂ ಒಂದೇ ಆಗಿರುವುದು ಕಣ್ಣಿಗೆ ಬಿತ್ತಂತೆ. ಕತ್ತರಿ ತೆಗೆದುಕೊಂಡು ಎಸಳುಗಳನ್ನು ಕತ್ತರಿಸಿಟ್ಟಳು. ಒಳಗೆ ಬಂದ ಡಚೆಸ್ ಅವನ್ನು ನಿಜವಾದ ಎಸಳುಗಳೆಂದೇ ತಿಳಿದಳೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಹತ್ತು ವರ್ಷ ಆಕೆ ಆ ಕತ್ತರಿಯನ್ನು ಕೆಳಗಿಡಲಿಲ್ಲ.

ಆಕೆಯ ವಿಧಾನ ಸರಳ. ಸಹನೆ ಮಾತ್ರ ಅಪಾರ. ಕಪ್ಪು ಬಳಿದ ಹಾಳೆಯೇ ಹಿನ್ನೆಲೆ. ಎದುರಿಗೆ ಜೀವಂತ ಗಿಡ. ಬಣ್ಣದ ಕಾಗದಗಳು ಕೆಲವು ಕೊಂಡವು, ಕೆಲವು ತಾನೇ ಬಣ್ಣ ಹಚ್ಚಿಕೊಂಡವು. ಎಸಳಿನ ಮೇಲೆ ನೆರಳು ಬೇಕಾದರೆ ಅದೇ ಬಣ್ಣದ ತುಸು ಗಾಢವಾದ ಚೂರನ್ನು ಮೇಲೆ ಅಂಟಿಸುವಳು. ನರ ಬೇಕಾದರೆ ಕೂದಲೆಳೆಯಂಥ ಪಟ್ಟಿ. ನಾವು ಕೃಷ್ಣಕಮಲವೆನ್ನುವ ಬಳ್ಳಿಯ ಜಾತಿಗೆ ಸೇರಿದ ಒಂದು ಹೂವಿನಲ್ಲಿ 200ಕ್ಕೂ ಹೆಚ್ಚು ಚೂರುಗಳಿವೆ. ಹಾಳೆಯ ಮೇಲೆ ಗಿಡದ ಹೆಸರು. ಮಾಡಿದ ದಿನ, ಸ್ಥಳ, ಗಿಡ ಕೊಟ್ಟವರ ಹೆಸರು ಇಂಥವನ್ನೂ ಆಕೆ ಬರೆದಿಡುತ್ತಿದ್ದಳು. ಕ್ಯೂ ಉದ್ಯಾನದಿಂದಲೂ ಆಕೆಗೆ ಗಿಡಗಳು ಬರುತ್ತಿದ್ದವು.

ಹೀಗೆ ಮಾಡುವುದರಲ್ಲಿ ಏನಿದೆ ಎಂಬುದು ತಿಳಿಯಬೇಕಾದರೆ ಮಾಡಿಯೇ ನೋಡಬೇಕು. ಮೊಮ್ಮಗಳ ಆಲ್ಬಮ್ಮಿಗೆಂದು ನಾನೂ ಅವಳೂ ಒಂದು ಕೆಂಪು ದಾಸವಾಳವನ್ನು ಕತ್ತರಿಸಲು ಕುಳಿತೆವು. ಐದು ಎಸಳು ಎಂಬುದು ಯಾರಿಗೂ ಗೊತ್ತು. ಆದರೆ ಪ್ರತಿಯೊಂದು ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆಯದರ ಕೆಳಗೆ ಇರುತ್ತದೆ. ಆದ್ದರಿಂದ ಮೊದಲನೆಯ ಎಸಳಿನ ಒಂದು ಬದಿಗೆ ಅಂಟು ಹಚ್ಚದೆ ಬಿಡಬೇಕು. ಐದನೆಯದರ ಅಂಚನ್ನು ಕೊನೆಯಲ್ಲಿ ಅದರ ಕೆಳಗೆ ತೂರಿಸಬೇಕು. “ತಾತ, ಎಲ್ಲ ಎಸಳೂ ಒಂದನ್ನೊಂದು ಹಿಡಕೊಂಡಿವೆ!” ಎಂದಳು ಹುಡುಗಿ. ಆಮೇಲೆ ನಡುವಿನ ಕಂಬ, ಅದರ ತುದಿಯ ಐದು ಪುಟ್ಟ ಗುಂಡುಗಳು, ಹಿಂಬದಿಯ ಹಸಿರು ಬಟ್ಟಲು, ಅದರ ಕೆಳಗೆ ಕಿರಿದಾದ ಹಸಿರೆಸಳುಗಳ ಇನ್ನೊಂದು ಸುತ್ತು ಎಲ್ಲವನ್ನೂ ಅವಳೇ ಎಣಿಸಿದಳು. ದಿನವೂ ದೇವರ ತಲೆಯ ಮೇಲೆ ಕಾಣುವ ಹೂವನ್ನು ಅವಳು ಆ ದಿನ ಪರಿಚಯ ಮಾಡಿಕೊಂಡಳು.

ಕಾಗದದ ಹೂವಿನ ಬೆಲೆ ಇಲ್ಲಿದೆ ಎಂದು ನನ್ನ ನಂಬಿಕೆ. ಕಾಲೇಜಿನ ಹುಡುಗರು ಹೂವನ್ನು ಹಾಳೆಗಳ ನಡುವೆ ಒತ್ತಿ ಒಣಗಿಸುತ್ತಾರೆ. ಅದರ ರೂಪ ಉಳಿದರೂ ಬಣ್ಣ ಮಾಸುತ್ತದೆ. ಕತ್ತರಿಸಿ ಮಾಡುವವನಿಗೆ ಈ ಎರಡನ್ನೂ ಕಣ್ಣಲ್ಲಿ ತುಂಬಿಕೊಳ್ಳದೆ ವಿಧಿಯಿಲ್ಲ. ಡಿಲೇನಿಯ ಹೂಗಳನ್ನು ನೋಡಿಯೇ ಗಿಡದ ಶಾಸ್ತ್ರೀಯ ವರ್ಣನೆಯನ್ನು ನಿರ್ಭಯವಾಗಿ ಬರೆಯಬಹುದೆಂದು ಸರ್ ಜೋಸೆಫ್ ಬ್ಯಾಂಕ್ಸ್ ಹೇಳುತ್ತಿದ್ದರಂತೆ. ಜಗತ್ತನ್ನು ಸುತ್ತಿ ಗಿಡಗಳನ್ನು ಕೂಡಿಸಿದ ವಿಜ್ಞಾನಿಯ ಮಾತು ಇದು.

ಸಾವಿರ ಹೂಗಳನ್ನು ಮುಗಿಸಬೇಕೆಂಬುದು ಆಕೆಯ ಸಂಕಲ್ಪವಾಗಿತ್ತು. 1782ರ ಹೊತ್ತಿಗೆ ಕಣ್ಣು ಮಂಜಾಯಿತು, ಕತ್ತರಿ ನಿಂತಿತು. ಎಣಿಸಿದರೆ 985. 1788ರಲ್ಲಿ ಆಕೆ ತೀರಿಕೊಂಡಳು. ಹತ್ತು ಸಂಪುಟಗಳಲ್ಲಿದ್ದ ಆ ಹೂಗಳು ಬಂಧುಗಳ ಮನೆಯಲ್ಲಿ ಉಳಿದು 1897ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಅಲ್ಲಿ ಇಂದಿಗೂ ಇವೆ. ಆಕೆ ಎದುರಿಗಿಟ್ಟುಕೊಂಡ ಹೂಗಳು ಆ ವಾರದೊಳಗೇ ಬಾಡಿದ್ದಿರಬೇಕು.

ಉಪಾಧ್ಯಾಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಆಲ್ಬಮ್ಮಿಗೆ ಹೂ ಬೇಕಾದಾಗ ಅಂಗಡಿಯ ಅಚ್ಚಿನ ಚಿತ್ರಕ್ಕೆ ಕಳುಹಿಸುವ ಮೊದಲು ಅವರನ್ನು ಅಂಗಳಕ್ಕೆ ಕಳುಹಿಸಿ. ಒಂದು ತುಂಬೆಯೋ ಶಂಖಪುಷ್ಪವೋ ಸಾಕು. ಅದನ್ನು ಎದುರಿಗಿಟ್ಟುಕೊಂಡು ಕತ್ತರಿಸಲಿ. ಕೆಳಗೆ ಹೆಸರು, ದಿನ, ಊರು ಬರೆಯಲಿ. ಹೂ ಎಷ್ಟು ಚೆನ್ನಾಯಿತೆಂದು ಕೇಳಬೇಡಿ. ಅದರಲ್ಲಿ ಏನೇನು ಕಂಡಿತೆಂದು ಕೇಳಿ.